ದುಡಿಮೆಗಾರನ ಹೆಸರು

(ವಿಶಾಖಪಟ್ಟಣ, ವಿಜಯವಾಡೆಗಳಲ್ಲಿ ನೆಲೆಸಿದ ಕನ್ನಡ ಕಾರ್ಮಿಕರೆದುರು ಮಾಡಿದ ಭಾಷಣ)



ಬೆಜವಾಡದ ರೈಲು ನಿಲ್ದಾಣದಿಂದ ಗಾಂಧಿನಗರದ ಕಡೆಗೆ ನಡೆದು ಹೋಗಿರಿ, ಇಲ್ಲವೆ ವಿಶಾಖಪಟ್ಟಣದ ದ್ವಾರಕಾನಗರದಲ್ಲಿ ಒಂದು ಸುತ್ತು ಹಾಕಿರಿ. ನಮ್ಮ ನಾಡಿನ ಎರಡು ಹೆಸರುಗಳು ಅಲ್ಲಿ ಸಿಕ್ಕೇ ಸಿಗುತ್ತವೆ. ಬೋರ್ಡಿನ ಮೇಲೆ ಉಡುಪಿ, ಬಾಣಲೆಯಲ್ಲಿ ಮೈಸೂರು ಬಜ್ಜಿ. ಉಡುಪಿಯನ್ನು ಕಣ್ಣಿಂದ ಕಾಣದವರೂ ಆ ಬೋರ್ಡು ಹಾಕುತ್ತಾರೆ. ಗಿರಾಕಿಯೂ ಹೆಸರನ್ನು ನಂಬಿ ಒಳಗೆ ಬರುತ್ತಾನೆ. ಈ ನಂಬಿಕೆ ಬೋರ್ಡು ಬರೆದ ಪೇಂಟರನಿಂದ ಬಂದುದಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚಿದವರು, ಹಿಟ್ಟು ರುಬ್ಬಿದವರು, ಕಾವಲಿಯ ಮುಂದೆ ನಿಂತು ಬೆವರು ಸುರಿಸಿದವರು ಮೂರು ತಲೆಮಾರು ದುಡಿದು ಕಟ್ಟಿದ ಹೆಸರು ಅದು. ಊರಿಗೆ ಹೆಸರು ಬಂತು, ತಿಂಡಿಗೆ ಹೆಸರು ಬಂತು, ಮಾಲೀಕರಿಗೂ ಬಂತು. ದೋಸೆ ಹುಯ್ದವನ ಹೆಸರು ಮಾತ್ರ ಯಾರಿಗೂ ತಿಳಿಯದು. ನಾವು ಈ ಹೊತ್ತು ಮಾತನಾಡುವುದು ಆ ಹೆಸರಿನ ವಿಷಯ.

ಹಿಂದೆ ನಮಗೆ ಕೆಲಸ ಸಿಗುತ್ತಿದ್ದುದು ಒಂದೇ ಪ್ರಶ್ನೆಯ ಮೇಲೆ: "ನೀನು ಯಾರ ಕಡೆಯವನು?" ಕುಂದಾಪುರದ ಇಂಥವರ ಸೋದರಳಿಯ ಎಂದರೆ ಸಾಕು, ತಟ್ಟೆ ತೊಳೆಯುವಲ್ಲಿಂದ ಆರಂಭ, ಅಲ್ಲಿಂದ ಸಪ್ಲಾಯರ್, ಪುಣ್ಯವಿದ್ದರೆ ಅಡಿಗೆಮನೆ, ಇನ್ನೂ ಪುಣ್ಯವಿದ್ದರೆ ಗಲ್ಲ. ಆ ಏರ್ಪಾಡಿನಿಂದ ಬದುಕಿದ ಮನೆಗಳು ಸಾವಿರಾರು, ಅದನ್ನು ಹಗುರಾಗಿ ಕಾಣುವಂತಿಲ್ಲ. ಆದರೆ ಅದರಲ್ಲೊಂದು ಕುಣಿಕೆಯೂ ಇತ್ತು. ಒಬ್ಬ ಮಾಲೀಕನೊಡನೆ ಸಂಬಳದ ಮಾತಿಗೆ ಜಗಳವಾದರೆ ಸುದ್ದಿ ಹತ್ತು ಹೋಟೆಲಿಗೆ ಹೋಗುತ್ತಿತ್ತು. ಬಾಗಿಲು ತೆರೆಸಿದ ಬಾಯಿಯೇ ಬಾಗಿಲು ಮುಚ್ಚಿಸುತ್ತಿತ್ತು.

ಗಿರಣಿಯವರ ಪಾಡು ಬೇರೆಯೇನಲ್ಲ. ಭೀಮಿಲಿಯ ಹತ್ತಿರದ ಚಿಟ್ಟಿವಲಸ ಸೆಣಬಿನ ಗಿರಣಿಗೆ 2009ರಲ್ಲಿ ಬೀಗ ಬಿತ್ತು. ಹೀಗೆ ಬೀಗ ಬಿದ್ದಾಗ ಕೂಲಿ ನಿಲ್ಲುವುದೊಂದೇ ಅಲ್ಲ; ಇಪ್ಪತ್ತು ವರ್ಷ ಮಗ್ಗ ನಡೆಸಿದ್ದಕ್ಕೆ ಸಾಕ್ಷಿಯಾದ ಹಾಜರಿ ಪುಸ್ತಕವೂ ಗೇಟಿನ ಒಳಗೇ ಉಳಿಯುತ್ತದೆ. ಹೊರಗೆ ನಿಂತವನು ಬರಿಗೈಯವನು. 2020ರ ಮಾರ್ಚಿಯಲ್ಲಿ ಹೋಟೆಲುಗಳೆಲ್ಲ ಮುಚ್ಚಿದಾಗ ನಮ್ಮವರು ಅದೇ ಬರಿಗೈಯಲ್ಲಿ ಊರಿಗೆ ಹೊರಟರು.

ಈಗ ಆಫೀಸಿನ ಮಂದಿ ಲಿಂಕ್ಡ್‌ಇನ್ ಎಂಬ ಜಾಲತಾಣದಲ್ಲಿ ತಮ್ಮ ಪರಿಚಯ ಬರೆದಿಟ್ಟು ಕೆಲಸ ಹುಡುಕುತ್ತಾರೆ. 2003ರಲ್ಲಿ ಅಮೆರಿಕದಲ್ಲಿ ಆರಂಭವಾದದ್ದು ಅದು. "ಅದು ಟೈ ಕಟ್ಟಿದವರ ಕಟ್ಟೆ, ನಮಗೇಕೆ?" ಎಂದು ನಮ್ಮಲ್ಲಿ ಕೆಲವರು ನಗುತ್ತಾರೆ. ನಗಲಿ. ಆದರೆ ದೊಡ್ಡ ಹೋಟೆಲುಗಳಿಗೂ ಕಂಪೆನಿ ಕ್ಯಾಂಟೀನುಗಳಿಗೂ ಆಳು ಹುಡುಕುವವರು ಈಗ ಅಲ್ಲಿಯೂ ಹುಡುಕುತ್ತಾರೆ. ವಿಶಾಖಪಟ್ಟಣದಲ್ಲಿ ಐದು ವರ್ಷಗಳಲ್ಲಿ 1500 ಕೋಟಿ ಡಾಲರು ಹೂಡುವುದಾಗಿ ಗೂಗಲ್ ಕಂಪೆನಿ 2025ರ ಅಕ್ಟೋಬರಿನಲ್ಲಿ ಸಾರಿತು. ಯಂತ್ರಕ್ಕೆ ವಿದ್ಯುತ್ತು ಸಾಕು. ಯಂತ್ರ ಕಾಯುವವನಿಗೆ ಇಡ್ಲಿ ಬೇಕಷ್ಟೆ.

ಹಾಗಾದರೆ ಅಲ್ಲಿ ಏನನ್ನು ಬರೆಯಬೇಕು? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಏಕೆಂದರೆ ಎಡವುವುದು ಇಲ್ಲಿಯೇ. "ಶ್ರಮಜೀವಿ, ಪ್ರಾಮಾಣಿಕ, ಉತ್ಸಾಹಿ" ಎಂದು ಬರೆದರೆ ಯಾರೂ ಓದುವುದಿಲ್ಲ; ಕಳ್ಳನೂ ಹಾಗೆಯೇ ಬರೆಯುತ್ತಾನೆ. ಕೈಗೆ ಏನು ಬರುತ್ತದೆಂಬುದನ್ನು ಲೆಕ್ಕದೊಡನೆ ಬರೆಯಿರಿ. "ಒಂದು ಸರದಿಗೆ 400 ದೋಸೆ ಹುಯ್ಯಬಲ್ಲೆ; 500 ಜನರ ಸಾಂಬಾರಿಗೆ ಸಾಮಾನಿನ ಚೀಟಿ ಬರೆಯಬಲ್ಲೆ; ನಾಲ್ವರು ಹುಡುಗರನ್ನು ತಿದ್ದಿ ಕೆಲಸ ಕಲಿಸಿದ್ದೇನೆ" ಎಂಬುದು ಮಾತು. ಗಿರಣಿಯವರಾದರೆ ಯಾವ ಖಾತೆ, ಯಾವ ಯಂತ್ರ, ಎಷ್ಟು ವರ್ಷ, ಬದಲಿಯೋ ಕಾಯಮ್ಮೋ ಎಂಬುದನ್ನು ಬರೆಯಬೇಕು. ಭಾಷೆಗಳನ್ನು ಮರೆಯಬೇಡಿ. ಕನ್ನಡ, ತುಳು, ತೆಲುಗು, ಹಿಂದಿ ಈ ನಾಲ್ಕೂ ಬಲ್ಲ ಸಪ್ಲಾಯರ್ ತನಗೆ ವಿದ್ಯೆಯಿಲ್ಲವೆಂದು ತಲೆ ತಗ್ಗಿಸುವುದನ್ನು ಕಂಡಾಗ ನಮಗೆ ಸಂಕಟವಾಗುತ್ತದೆ. ಹುಡುಕುವವರು ಹೆಚ್ಚಾಗಿ ಇಂಗ್ಲಿಷಿನಲ್ಲಿ ಹುಡುಕುವುದರಿಂದ ಕೆಲಸದ ಹೆಸರನ್ನು ಆ ಲಿಪಿಯಲ್ಲಿಯೂ ಹಾಕಬೇಕು. ಮಕ್ಕಳಿಂದ ಬರೆಸಿ, ಅದರಲ್ಲೇನೂ ನಾಚಿಕೆಯಿಲ್ಲ. ಆದರೆ ಬರೆದುದನ್ನು ಓದಿಸಿ ಕೇಳಿ. ಅಪ್ಪನನ್ನು ಅವರು ಅಕ್ಕರೆಯಿಂದ ಜನರಲ್ ಮ್ಯಾನೇಜರ್ ಮಾಡಿಬಿಟ್ಟಾರು!

ಹೇಳಿದ್ದಕ್ಕೆ ಕಾಗದದ ಆಧಾರವೂ ಬೇಕು. ಪಿ.ಎಫ್. ಇದ್ದವರು ತಮ್ಮ ಯು.ಎ.ಎನ್. ಅಂಕಿಯಿಂದ ಭವಿಷ್ಯನಿಧಿಯ ತಾಣದಲ್ಲಿ ಎಲ್ಲೆಲ್ಲಿ ಯಾವಾಗ ದುಡಿದರೆಂಬ ದಾಖಲೆ ನೋಡಬಹುದು. ತಾರೀಖುಗಳನ್ನು ಅಲ್ಲಿಂದಲೇ ತೆಗೆದುಕೊಳ್ಳಿ. ಅಡಿಗೆಯವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ಫೋಸ್ಟ್ಯಾಕ್ ಎಂಬ ತರಬೇತಿಯಿದೆ. 25 ಮಂದಿ ಆಹಾರ ಕೆಲಸಗಾರರಿಗೆ ತರಬೇತಾದ ಒಬ್ಬ ಮೇಲ್ವಿಚಾರಕನಿರಬೇಕೆಂಬುದು ಪ್ರಾಧಿಕಾರದ ಲೆಕ್ಕ. ಆ ಒಬ್ಬನು ನೀವೇಕಾಗಬಾರದು? ಪರಿಚಯಸ್ಥರು ನಿಮ್ಮ ವಿಷಯವಾಗಿ ನಾಲ್ಕು ಮಾತು ಬರೆಯಲು ಲಿಂಕ್ಡ್‌ಇನ್ನಿನಲ್ಲಿ ಅವಕಾಶವುಂಟು. ಹಳೆಯ ಶಿಫಾರಸು ಪತ್ರದಂತೆಯೇ ಅದು, ಆದರೆ ಬರೆದವರ ಹೆಸರಿನೊಡನೆ ಎಲ್ಲರೆದುರು ಇರುತ್ತದೆ. ಮಾಲೀಕರನ್ನೇ ಕೇಳಬೇಕೆಂದಿಲ್ಲ, ನಿಮ್ಮಿಂದ ಕೆಲಸ ಕಲಿತು ಮೇಲೆ ಹೋದ ಹುಡುಗ ಬರೆದರೂ ಅದಕ್ಕೆ ತೂಕವಿದೆ.

ಬೆಳಕಿಗೆ ದೀಪದ ಹುಳ ಬರುವಂತೆ, ಹೆಸರು ಹೊರಗಿಟ್ಟ ಕಡೆಗೆ ಮೋಸಗಾರರೂ ಬರುತ್ತಾರೆ. 2024ರ ಮೇ ತಿಂಗಳಲ್ಲಿ ವಿಶಾಖಪಟ್ಟಣದ ಪೊಲೀಸರು ಬಯಲಿಗೆಳೆದ ಸಂಗತಿಯನ್ನು ಈ ಊರಿನವರು ಮರೆತಿರಲಾರರು. ಸಿಂಗಾಪುರದಲ್ಲಿ ಡೇಟಾ ಎಂಟ್ರಿ ಕೆಲಸವೆಂದು ಹೇಳಿ, ತಲೆಗೆ ಸುಮಾರು ಒಂದೂವರೆ ಲಕ್ಷ ರೂಪಾಯಿ ತೆಗೆದುಕೊಂಡು, ಹುಡುಗರನ್ನು ಬ್ಯಾಂಕಾಕಿನ ಮೇಲಿಂದ ಕಾಂಬೋಡಿಯಕ್ಕೆ ಸಾಗಿಸಿ ವಂಚಕರ ಕೈಗೆ ಒಪ್ಪಿಸಿದ್ದರು. ಅಲ್ಲಿ ಅವರಿಂದ ಮಾಡಿಸಿದ್ದೇನು? ಸುಳ್ಳು ಹೆಸರಿನಲ್ಲಿ, ಹೆಂಗಸರ ಚಿತ್ರ ಹಾಕಿ ಸುಳ್ಳು ಪರಿಚಯಗಳನ್ನು ಕಟ್ಟಿ, ನಮ್ಮ ದೇಶದವರ ದುಡ್ಡನ್ನೇ ದೋಚುವ ಕೆಲಸ. ಆ ತಿಂಗಳ 20ರಂದು ಸಿಹಾನೂಕ್‌ವಿಲ್ ಊರಿನಲ್ಲಿ ಸುಮಾರು 300 ಮಂದಿ ಭಾರತೀಯರು ಒಟ್ಟಾಗಿ ತಿರುಗಿಬಿದ್ದರು. ಅವರಲ್ಲಿ ಹಲವರು ಬಿಡುಗಡೆಯಾಗಿ ವಿಶಾಖಪಟ್ಟಣಕ್ಕೆ ಬಂದಿಳಿದರು. ಬಿಡಿಬಿಡಿಯಾಗಿ ಸಿಕ್ಕಿಬಿದ್ದವರು ಬಿಡಿಸಿಕೊಂಡದ್ದು ಒಟ್ಟಾಗಿ ಎಂಬುದನ್ನು ಕಾರ್ಮಿಕರಿಗೆ ನಾವು ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ಕೆಲಸ ಕೊಡುತ್ತೇನೆಂದು ದುಡ್ಡು ಕೇಳಿದವನ ಮಾತು ಅಲ್ಲಿಗೇ ನಿಲ್ಲಲಿ. ಪರದೇಶದ ಕೆಲಸವೆಂದರೆ ಆ ಏಜೆಂಟನ ಹೆಸರು ಕೇಂದ್ರ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ನೋಡಿರಿ. ನೋಂದಾಯಿತ ಏಜೆಂಟನು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿ.ಎಸ್.ಟಿ. ಅಷ್ಟೆ. ಪ್ರವಾಸಿ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸಿಕೊಡುತ್ತೇವೆ ಎಂದವನ ನೆರಳಿಗೂ ನಿಲ್ಲಬೇಡಿ. ಆಧಾರ್ ಅಂಕಿ, ಬ್ಯಾಂಕಿನ ಲೆಕ್ಕ, ಮನೆಯ ವಿಳಾಸ ಇವು ಯಾವ ಪರಿಚಯದಲ್ಲಿಯೂ ಇರಕೂಡದು. ಬೇರೆ ಕೆಲಸ ಹುಡುಕುತ್ತಿದ್ದೇನೆಂಬ ಹಸಿರು ಗುರುತನ್ನು ಎಲ್ಲರಿಗೂ ತೋರಿಸದೆ, ಆಳು ಹುಡುಕುವವರಿಗೆ ಮಾತ್ರ ಕಾಣಿಸುವ ಏರ್ಪಾಡಿದೆ. ಹಾಗಿದ್ದರೂ ಈಗಿನ ಮಾಲೀಕನ ಕಿವಿಗೆ ಬೀಳಲಾರದೆಂದು ಪೂರ್ತಿ ನಂಬಬೇಡಿ.

ಇನ್ನೊಂದು ಮಾತು. ಲಿಂಕ್ಡ್‌ಇನ್ ಧರ್ಮಛತ್ರವಲ್ಲ. 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು 2620 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಅಷ್ಟು ಬೆಲೆ ಬಂದದ್ದು ಅಲ್ಲಿ ಬರೆದಿಟ್ಟ ನಿಮ್ಮ ನಮ್ಮಂಥವರ ಹೆಸರುಗಳಿಗೆ. ಹೀಗಾಗಿ ಅದನ್ನೊಂದೇ ನೆಚ್ಚಬಾರದು. ಸರಕಾರದ ರಾಷ್ಟ್ರೀಯ ವೃತ್ತಿ ಸೇವೆಯ ತಾಣ 2015ರಿಂದ ಇದೆ, ಹೆಸರು ಹಚ್ಚಲು ಕಾಸು ಬೇಡ. ಅಸಂಘಟಿತರಿಗೆ 2021ರಲ್ಲಿ ಬಂದ ಇ-ಶ್ರಮ್ ಚೀಟಿಯುಂಟು. ಇವೆಲ್ಲದರ ಒಂದೊಂದು ಪ್ರತಿಯನ್ನು ಕಾಗದದ ಮೇಲೆ ತೆಗೆದು ಟ್ರಂಕಿನಲ್ಲಿಡಿ.

ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿ ಏಳುವ ಮೊದಲು ಹೋಟೆಲಿನವರಿಗೆ ಒಂದೆರಡು ತಾಸು ಬಿಡುವಿರುತ್ತದೆ. ಪ್ರತಿ ಮಂಗಳವಾರ ಆ ಹೊತ್ತಿನಲ್ಲಿ ನಮ್ಮ ಪೈಕಿ ಬರೆಯಬಲ್ಲ ಇಬ್ಬರು ಸಂಘದ ಕೋಣೆಯಲ್ಲಿ ಕುಳಿತಿರುತ್ತಾರೆ. ಎರಡನೆಯ ಪಾಳಿ ಮುಗಿಸಿದ ಗಿರಣಿಯವರಿಗಾಗಿ ಬುಧವಾರ ಬೆಳಿಗ್ಗೆಯೂ ಕೂರುವರು. ಪಿ.ಎಫ್. ಚೀಟಿ, ಇದ್ದರೆ ಸರ್ವಿಸ್ ಸರ್ಟಿಫಿಕೇಟು, ಒಂದು ಭಾವಚಿತ್ರ ತನ್ನಿ. ಅಂಗಿ ಯಾವುದಾದರೂ ಆದೀತು.