ಚೌಕಟ್ಟಿನಾಚೆಯ ಆಟಗಾರ

ಫುಟ್‌ಬಾಲ್ ಪಂದ್ಯವನ್ನು ನೀವು ಟೀವಿಯಲ್ಲಿ ನೋಡುವಾಗ ಕ್ಯಾಮೆರಾ ಚೆಂಡಿನ ಹಿಂದೆಯೇ ಇರುತ್ತದೆ. ಗೋಲು ಬಿದ್ದರೆ ಹೊಡೆದವನ ಮುಖ ಪರದೆಯ ತುಂಬ. ಆ ಚೆಂಡನ್ನು ಎದುರಾಳಿಯಿಂದ ಕಸಿದು ಮುಂದಕ್ಕೆ ದಾಟಿಸಿದ ಮಿಡ್‌ಫೀಲ್ಡರ್ ಎಲ್ಲಿ? ಚೌಕಟ್ಟಿನಾಚೆ. ನಮ್ಮ ಕಸುಬೇ ಹಾಗೆ.

ಅಂಥ ಒಬ್ಬರು ಟೋನಿ ಫೋರ್ಡ್. 1959ರಲ್ಲಿ ಇಂಗ್ಲೆಂಡಿನ ಮೀನುಗಾರಿಕೆಯ ಬಂದರು ಗ್ರಿಮ್ಸ್‌ಬಿಯಲ್ಲಿ ಹುಟ್ಟಿದವರು. 1975ರಲ್ಲಿ, ಹದಿನಾರರ ಹರೆಯದಲ್ಲೇ, ಊರಿನ ತಂಡಕ್ಕೆ ಆಡಿದರು. ಮುಂದೆ ಸ್ಟೋಕ್, ವೆಸ್ಟ್ ಬ್ರಾಮ್ವಿಚ್, ಮರಳಿ ಗ್ರಿಮ್ಸ್‌ಬಿ, ಸ್ಕನ್‌ಥಾರ್ಪ್, ಮ್ಯಾನ್ಸ್‌ಫೀಲ್ಡ್, ಕೊನೆಗೆ ರಾಚ್‌ಡೇಲ್. ಇಂಗ್ಲಿಷ್ ಲೀಗಿಗೆ ನಾಲ್ಕು ಅಂತಸ್ತು. ಫೋರ್ಡ್ ಬಾಳಿದ್ದು ಕೆಳಗಿನ ಮೂರರಲ್ಲಿ. 1989ರಲ್ಲಿ ದೇಶದ ‘ಬಿ’ ತಂಡದಿಂದ ಕರೆ ಬಂತು. ಮುಖ್ಯ ತಂಡದಿಂದ ಬರಲೇ ಇಲ್ಲ.

ಕೆಳಗಿನ ಅಂತಸ್ತುಗಳಲ್ಲಿ ಕರಾರು ಸಾಮಾನ್ಯವಾಗಿ ಒಂದೆರಡು ವರ್ಷದ್ದು. ಮೊಣಕಾಲು ಕೈಕೊಟ್ಟರೆ ಸಂಸಾರದ ಸಂಪಾದನೆಯೂ ನಿಂತಂತೆ. ಅಲ್ಲಿ ಈ ಮನುಷ್ಯ ಇಪ್ಪತ್ತೈದು ವರ್ಷಕ್ಕೂ ಮೀರಿ ನಿಂತರು! 2001ರಲ್ಲಿ ಆಟ ಬಿಟ್ಟಾಗ ಲೀಗ್ ಪಂದ್ಯಗಳ ಎಣಿಕೆ 931. ಗೋಲ್‌ಕೀಪರ್‌ಗಳನ್ನು ಬಿಟ್ಟರೆ ಅಂದಿನವರೆಗೆ ಅಲ್ಲಿ ಅಷ್ಟು ಆಡಿದವರಿರಲಿಲ್ಲ.

ವಿಜ್ಞಾನ ಓದಿದವನಿಗೆ ಲೆಕ್ಕದ ಚಟ. ಪಂದ್ಯಕ್ಕೆ 9 ಕಿ.ಮೀ. ಓಟವೆಂದು ಹಿಡಿದರೂ ಒಟ್ಟು 8,000 ಕಿ.ಮೀ. ಮೀರುತ್ತದೆ. ನಮ್ಮ ಕಾಲಡಿಯಿಂದ ಭೂಮಿಯ ಕೇಂದ್ರಕ್ಕಿರುವ ದೂರವೇ ಸುಮಾರು 6,370 ಕಿ.ಮೀ. ಈ ಓಟದಲ್ಲಿ ಬಹುಪಾಲು ಚೆಂಡು ಕಾಲಲ್ಲಿಲ್ಲದೆ, ಸಹ ಆಟಗಾರನಿಗೆ ಜಾಗ ಮಾಡಿಕೊಡಲು ಓಡಿದ್ದು. ಒಮ್ಮೆ ಐದು ನಿಮಿಷ ಚೆಂಡನ್ನು ಮರೆತು ನಡುವಿನ ಒಬ್ಬನನ್ನೇ ನೋಡಿ, ತಿಳಿಯುತ್ತದೆ; ಕ್ಯಾಮೆರಾ ಬಿಟ್ಟುಕೊಟ್ಟರೆ!

2000ದಲ್ಲಿ ಬ್ರಿಟನ್ ಅವರಿಗೆ ಎಂ.ಬಿ.ಇ. ಗೌರವ ನೀಡಿತು. ಆಗ ಅವರು ರಾಚ್‌ಡೇಲ್‌ನಲ್ಲಿ ಮ್ಯಾನೇಜರರ ಸಹಾಯಕರು. ಹುಡುಗರಿಗೆ ಹೇಳಿಕೊಡುತ್ತಲೇ ಶನಿವಾರ ತಾವೂ ಬೂಟು ಕಟ್ಟಿ ಅವರ ಜೊತೆ ಮೈದಾನಕ್ಕಿಳಿಯುತ್ತಿದ್ದರು.