ಚುನಾವಣೆ, ಮೊಬೈಲ್ ಮತ್ತು ನಮ್ಮ ಸಾಕ್ಷ್ಯ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಸರ್ವಲೋಕಗಳ ಪಾಲಕನಾದ ಅಲ್ಲಾಹನಿಗೆ. ಅವನ ಅಂತಿಮ ಸಂದೇಶವಾಹಕರಾದ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.



ಒಂಟಿಯಾಗಿರಲಿ, ಜನರ ನಡುವೆ ಇರಲಿ, ಅಲ್ಲಾಹನನ್ನು ಭಯಪಟ್ಟು ಬದುಕಿರಿ ಎಂದು ನಿಮಗೂ ನಮಗೂ ಉಪದೇಶಿಸುತ್ತೇವೆ. ರಾತ್ರಿ ದೀಪ ಆರಿಸಿದ ಮೇಲೆ ಕೈಯಲ್ಲಿ ಬೆಳಗುವ ಮೊಬೈಲಿನ ಮುಂದೆ ಕೂತಿರುವ ಹೊತ್ತಿಗೂ ಈ ಉಪದೇಶ ಅನ್ವಯಿಸುತ್ತದೆ.

ಇಂದಿನ ವಿಷಯ ಚುನಾವಣಾ ಪ್ರಚಾರ ಮತ್ತು ಮೊಬೈಲ್. ಯಾರಿಗೆ ಮತ ಹಾಕಬೇಕೆಂದು ಈ ಮಿಂಬರ್‌ನಿಂದ ಹೇಳುವುದಿಲ್ಲ. ಧಾರ್ಮಿಕ ಸ್ಥಳವನ್ನು ರಾಜಕೀಯಕ್ಕೆ ಬಳಸುವುದನ್ನು 1988ರ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯ್ದೆ ನಿಷೇಧಿಸಿದೆ. ಧರ್ಮ, ಜಾತಿ, ಭಾಷೆಗಳ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು 2017ರ ಜನವರಿ 2ರಂದು ಬಹುಮತದ ತೀರ್ಪು ನೀಡಿದೆ. ಮತ ನಿಮ್ಮ ಅಮಾನತ್. ಅದನ್ನು ಎಲ್ಲಿ ಇಡಬೇಕೆಂಬುದು ನಿಮಗೂ ನಿಮ್ಮ ಮನಸ್ಸಾಕ್ಷಿಗೂ ಬಿಟ್ಟದ್ದು. ಆದರೆ ಆ ಮತಗಟ್ಟೆಯ ದಾರಿಯಲ್ಲಿ ನಮ್ಮ ನಾಲಿಗೆ ಮತ್ತು ಬೆರಳು ಏನು ಮಾಡುತ್ತವೆ ಎಂಬುದು ದೀನ್‌ನ ವಿಷಯ.

ನಮ್ಮ ಜಿಲ್ಲೆಗೆ ಚುನಾವಣಾ ಪ್ರಚಾರ ಹೊಸದಲ್ಲ. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಗೆ ನಿಂತು ವೀರೇಂದ್ರ ಪಾಟೀಲರನ್ನು ಎದುರಿಸಿದಾಗ ಇಡೀ ದೇಶ ಈ ಗುಡ್ಡಗಳತ್ತ ನೋಡಿತು. ಅಂದಿನ ಪ್ರಚಾರವೆಂದರೆ ಜೀಪಿಗೆ ಕಟ್ಟಿದ ಧ್ವನಿವರ್ಧಕ, ಗೋಡೆಬರಹ, ಕರಪತ್ರ, ಮೈದಾನದ ಭಾಷಣ. ಹೇಳಿದ ಮಾತು ಊರಿಗೆಲ್ಲ ಒಟ್ಟಿಗೇ ಕೇಳುತ್ತಿತ್ತು. ಸುಳ್ಳು ಹೇಳಿದವನಿಗೆ ಮರುದಿನ ಅದೇ ಮೈದಾನದಲ್ಲಿ ಉತ್ತರ ಕೊಡಬಹುದಿತ್ತು.

ನಲವತ್ತು ವರ್ಷಗಳ ನಂತರ, 2018ರ ಮೇ ತಿಂಗಳ ವಿಧಾನಸಭಾ ಚುನಾವಣೆಯನ್ನು ಕೆಲವು ಪತ್ರಿಕೆಗಳು ವಾಟ್ಸ್ಆ್ಯಪ್ ಚುನಾವಣೆ ಎಂದೇ ಕರೆದವು. ಮತದಾರರ ಪಟ್ಟಿ ಹಿಡಿದು ಬೂತಿಗೊಂದು ಗುಂಪು, ಗುಂಪಿಗೊಬ್ಬ ಕಾರ್ಯಕರ್ತ. ರೈತನಿಗೊಂದು ಸಂದೇಶ, ಯುವಕನಿಗೊಂದು, ಒಂದು ಜಾತಿಗೊಂದು, ಇನ್ನೊಂದು ಜಾತಿಗೆ ಅದಕ್ಕೆ ವಿರುದ್ಧವಾದದ್ದು. ನಮಗೆ ಬಂದದ್ದು ಪಕ್ಕದ ಮನೆಯವನಿಗೆ ಬರುವುದಿಲ್ಲ. ಅವನಿಗೆ ಬಂದದ್ದು ನಮಗೆ ಕಾಣುವುದಿಲ್ಲ. ಪರಸ್ಪರ ಕೇಳಿ ಸರಿಪಡಿಸಿಕೊಳ್ಳುವ ಮೈದಾನವೇ ಇಲ್ಲವಾಗಿದೆ.

ಸಹೋದರರೇ, ಈ ಸಾಧನಗಳೇ ಕೆಟ್ಟವು ಎಂದು ನಾವು ಹೇಳುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದಂತಹ ದಿನಗಳಲ್ಲಿ ಎಲ್ಲಿ ರಸ್ತೆ ಕಡಿದಿದೆ, ಎಲ್ಲಿ ಅಕ್ಕಿ ಬೇಕು ಎಂಬ ಸುದ್ದಿ ಮುಟ್ಟಿಸುವುದೂ ಇದೇ ಫೋನ್. ತೋಟಕ್ಕೆ ಆನೆ ಬಂದರೆ ಲೈನ್ ಮನೆಯವರನ್ನು ಎಚ್ಚರಿಸುವುದೂ ಇದೇ. ಚುನಾವಣೆಯಲ್ಲೂ ಇದರಿಂದ ಒಳಿತಿದೆ. ಅಭ್ಯರ್ಥಿ ಸಲ್ಲಿಸಿದ ಪ್ರಮಾಣಪತ್ರ, ಅವರ ಮೇಲಿನ ಮೊಕದ್ದಮೆ, ಆಸ್ತಿಯ ವಿವರ ಇವೆಲ್ಲವನ್ನೂ ಕಳಸದ ಮನೆಯಲ್ಲೇ ಕೂತು ಓದಬಹುದು. ಹಣವಿಲ್ಲದ ಅಭ್ಯರ್ಥಿಯೂ ತನ್ನ ಮಾತನ್ನು ಮನೆ ಮನೆಗೆ ಮುಟ್ಟಿಸಬಹುದು. ಅಧಿಕಾರದಲ್ಲಿರುವವರನ್ನು ಸಾಮಾನ್ಯ ಜನ ಪ್ರಶ್ನಿಸಬಹುದು. 2022ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಪಕ್ಷ ಅಂದಿನ ಸರ್ಕಾರದ ಮೇಲೆ ಕಮಿಷನ್ ಆರೋಪ ಮಾಡಿ, ಬೆಂಗಳೂರಿನ ಗೋಡೆಗಳ ಮೇಲೆ ಕ್ಯೂಆರ್ ಕೋಡ್ ಇದ್ದ ‘ಪೇಸಿಎಂ’ ಪೋಸ್ಟರ್ ಅಂಟಿಸಿದ್ದು ನಿಮಗೆ ನೆನಪಿರಬಹುದು. ಗೋಡೆಯ ಕಾಗದ ಮತ್ತು ಜೇಬಿನ ಮೊಬೈಲ್ ಒಂದಾದ ಪ್ರಚಾರ ಅದು. ಆರೋಪ ಮಾಡುವ ಹಕ್ಕು ಎಲ್ಲರಿಗೂ ಇದೆ. ಅದನ್ನು ಹರಡುವ ನಮಗೆ, ಅದಕ್ಕೆ ಆಧಾರವೇನು ಎಂದು ಕೇಳುವ ಕರ್ತವ್ಯವೂ ಇದೆ.

ಈ ಕರ್ತವ್ಯವನ್ನು ವಿಧಿಸಿದ್ದು ಪವಿತ್ರ ಕುರ್‌ಆನ್. ಸೂರಃ ಅಲ್ ಹುಜುರಾತ್‌ನ 6ನೇ ವಚನದಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳನ್ನು ಕರೆದು, ನಂಬಲರ್ಹನಲ್ಲದವನು ಸುದ್ದಿ ತಂದರೆ ಮೊದಲು ಪರಿಶೀಲಿಸಬೇಕೆಂದೂ, ಇಲ್ಲವಾದರೆ ಅರಿಯದೆ ಒಂದು ಜನಾಂಗಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತೆಂದೂ ಎಚ್ಚರಿಸಿದ್ದಾನೆ. ಈ ವಚನದ ಹಿನ್ನೆಲೆಯನ್ನು ತಫ್ಸೀರ್‌ಗಳು ಹೀಗೆ ವಿವರಿಸುತ್ತವೆ. ಬನೂ ಮುಸ್ತಲಿಕ್ ಗೋತ್ರದವರು ಝಕಾತ್ ಕೊಡಲು ನಿರಾಕರಿಸಿದ್ದಾರೆ, ದೂತನನ್ನು ಕೊಲ್ಲಲು ಬಂದರು ಎಂಬ ಸುದ್ದಿ ಮದೀನಾಕ್ಕೆ ಬಂತು. ಅದನ್ನು ನಂಬಿದ್ದರೆ ಯುದ್ಧವೇ ಆಗುತ್ತಿತ್ತು. ವಿಚಾರಿಸಿದಾಗ, ಆ ಜನರು ದೂತನನ್ನು ಗೌರವದಿಂದ ಸ್ವಾಗತಿಸಲು ಹೊರಬಂದಿದ್ದರೆಂದು ತಿಳಿಯಿತು. ಸ್ವಾಗತದ ಗುಂಪು ಆಕ್ರಮಣದ ಗುಂಪಾಗಿ ಕಂಡಿತ್ತು.

ನಮ್ಮದೇ ರಾಜ್ಯದಲ್ಲಿ, 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಪರಿಶೀಲನೆ ನಡೆಯಲಿಲ್ಲ. ಹೈದರಾಬಾದಿನಿಂದ ಗೆಳೆಯರೊಂದಿಗೆ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಗುಂಪಿನ ಹೊಡೆತಕ್ಕೆ ಪ್ರಾಣ ಬಿಟ್ಟರು. ಅವರ ತಂಡ ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು. ಮಕ್ಕಳ ಕಳ್ಳರು ಎಂಬ ವದಂತಿ ವಾಟ್ಸ್ಆ್ಯಪ್‌ನಲ್ಲಿ ಅವರ ಕಾರಿಗಿಂತ ಮೊದಲು ಮುಂದಿನ ಊರನ್ನು ತಲುಪಿತ್ತು. ಅಂದು ಕೈಗೆ ಕಲ್ಲು ಎತ್ತಿಕೊಂಡವರು ಕೆಲವರು. ಫಾರ್ವರ್ಡ್ ಮಾಡಿದವರಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಕೂತಿದ್ದವರು. ತಾವು ಮಾಡಿದ್ದು ಸಣ್ಣ ಕೆಲಸ ಎಂದೇ ಅವರು ಭಾವಿಸಿರಬೇಕು.

ಇದೇ ‘ಸಣ್ಣದು’ ಎಂಬ ಭಾವನೆಯನ್ನು ಅಲ್ಲಾಹನು ಸೂರಃ ಅನ್ನೂರ್‌ನಲ್ಲಿ ಖಂಡಿಸಿದ್ದಾನೆ. ಮಾತೆ ಆಯಿಶಾ(ರ)ರ ಮೇಲೆ ಕಪಟಿಗಳು ಸುಳ್ಳು ಆರೋಪ ಹುಟ್ಟಿಸಿದಾಗ ಅದು ಸುಮಾರು ಒಂದು ತಿಂಗಳ ಕಾಲ ಮದೀನಾದ ಬಾಯಿಂದ ಬಾಯಿಗೆ ಹರಿದಾಡಿತು. ಹುಟ್ಟಿಸಿದವರು ಬೆರಳೆಣಿಕೆಯವರು, ದಾಟಿಸಿದವರು ಹಲವರು. ಗೊತ್ತಿಲ್ಲದ್ದನ್ನು ನಾಲಿಗೆಯಿಂದ ನಾಲಿಗೆಗೆ ದಾಟಿಸುತ್ತ ಅದನ್ನು ಹಗುರವೆಂದು ಬಗೆದಿರಿ, ಅಲ್ಲಾಹನ ಬಳಿ ಅದು ಘೋರವಾಗಿತ್ತು ಎಂಬ ಆಶಯದ ವಚನ ಅಂದು ಅವತೀರ್ಣವಾಯಿತು.

ಆ ಘಟನೆಯಲ್ಲಿ ಒಬ್ಬ ಮಹಿಳೆಯ ನಡತೆಯನ್ನು ನಾವು ಚುನಾವಣೆಯ ಕಾಲದಲ್ಲಿ ನೆನೆಯಬೇಕು. ಅವರು ಝೈನಬ್ ಬಿಂತಿ ಜಹ್ಶ್(ರ). ಪ್ರವಾದಿ(ಸ)ರ ಪತ್ನಿಯರ ಪೈಕಿ ಆಯಿಶಾ(ರ)ರಿಗೆ ಸರಿಸಾಟಿಯಾಗಿ ನಿಲ್ಲುತ್ತಿದ್ದವರು ಅವರೇ ಎಂದು ಸ್ವತಃ ಆಯಿಶಾ(ರ) ಹೇಳಿದ್ದಾರೆ. ಎದುರಾಳಿಯ ಮೇಲೆ ಆರೋಪ ಬಂದಾಗ ಸುಮ್ಮನೆ ತಲೆಯಾಡಿಸಿದ್ದರೂ ಸಾಕಿತ್ತು. ಆದರೆ ಪ್ರವಾದಿ(ಸ)ರು ಕೇಳಿದಾಗ, ನನ್ನ ಕಿವಿ ಮತ್ತು ಕಣ್ಣುಗಳನ್ನು ನಾನು ಕಾಪಾಡಿಕೊಳ್ಳುತ್ತೇನೆ, ಅವರ ಬಗ್ಗೆ ಒಳಿತನ್ನಲ್ಲದೆ ಬೇರೇನನ್ನೂ ಅರಿಯೆ ಎಂಬರ್ಥದ ಉತ್ತರ ಕೊಟ್ಟರು. ಎದುರು ಪಕ್ಷದವರ ಬಗ್ಗೆ ಸುಳ್ಳೊಂದು ನಮ್ಮ ಕೈಗೆ ಬಂದಾಗ ನಮ್ಮ ಈಮಾನ್ ಪರೀಕ್ಷೆಗೊಳಗಾಗುವುದು ಹೀಗೆಯೇ.

ಏಕೆಂದರೆ ನಮ್ಮ ವಿರುದ್ಧದ ಸುಳ್ಳನ್ನು ಗುರುತಿಸಲು ನಮಗೆ ಯಾರೂ ಕಲಿಸಬೇಕಿಲ್ಲ. 2024ರ ಮೇ 4ರಂದು ಬಿಜೆಪಿಯ ರಾಜ್ಯ ಘಟಕವು ಎಕ್ಸ್ ಖಾತೆಯಲ್ಲಿ ಒಂದು ಕಾರ್ಟೂನ್ ವಿಡಿಯೋ ಹಾಕಿತು. ಮೀಸಲಾತಿಯ ಗೂಡಿನಲ್ಲಿ ಮುಸ್ಲಿಮರು ಬೇರೆ ಮರಿಗಳನ್ನು ಹೊರದಬ್ಬುವ ಮರಿಯೆಂಬಂತೆ ಅದರಲ್ಲಿ ಚಿತ್ರಿಸಲಾಗಿತ್ತು. ಅದನ್ನು ತೆಗೆಯುವಂತೆ ಚುನಾವಣಾ ಆಯೋಗ ಮೇ 7ರಂದು ಎಕ್ಸ್‌ಗೆ ಸೂಚಿಸಿತು. ಅಂದು ರಾಜ್ಯದ ಎರಡನೇ ಹಂತದ ಮತದಾನವೂ ನಡೆಯುತ್ತಿತ್ತು. ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ಏಪ್ರಿಲ್ 26ಕ್ಕೇ ಮತದಾನ ಮುಗಿದಿತ್ತು. ಆದರೂ ವಿಡಿಯೋ ನಮ್ಮ ಊರುಗಳಿಗೆ ಬಾರದೆ ಉಳಿಯಲಿಲ್ಲ. ಫೋನಿಗೆ ಕ್ಷೇತ್ರದ ಗಡಿಯಿಲ್ಲ.

ಅಂಥದ್ದನ್ನು ಕಂಡಾಗ ಎದೆ ಉರಿಯುವುದು ಸಹಜ. ಆದರೆ ಒಂದು ಜನರ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬುದು ಸೂರಃ ಅಲ್ ಮಾಇದದ 8ನೇ ವಚನದ ಆದೇಶ. ಎದುರಿನವರ ಸುಳ್ಳಿಗೆ ನಮ್ಮ ಕಡೆಯ ಸುಳ್ಳು ಪ್ರಾಯಶ್ಚಿತ್ತವಲ್ಲ. ಉರ್ದುವಿನಲ್ಲೋ ಬ್ಯಾರಿಯಲ್ಲೋ ಬಂದ ಒಂದು ಧ್ವನಿಮುದ್ರಿಕೆ, ಹೇಳಿದವರ ಹೆಸರಿಲ್ಲ, ದಿನಾಂಕವಿಲ್ಲ, ಕೊನೆಗೆ ‘ಎಲ್ಲರಿಗೂ ಕಳಿಸಿ’ ಎಂಬ ಒತ್ತಾಯ. ನಮ್ಮವರ ಧ್ವನಿ ಎಂಬ ಕಾರಣಕ್ಕೆ ಅದು ಸತ್ಯವಾಗುವುದಿಲ್ಲ. ತೋಟದ ಕೆಲಸಕ್ಕೆ ಅಸ್ಸಾಂ, ಬಂಗಾಳದ ಕಡೆಯಿಂದ ಬಂದ ಬಡವರ ಫೋಟೋ ಹಾಕಿ ಯಾರೋ ಅನುಮಾನ ಬಿತ್ತಿದಾಗ ನಮಗೆ ನೋವಾಗುತ್ತದೆ. ಹಾಗೆಯೇ ಇನ್ನೊಬ್ಬರ ಮನೆಯ ಹೆಣ್ಣುಮಗಳ, ಇನ್ನೊಂದು ಸಮುದಾಯದ ಮುಖಂಡರ ತಿರುಚಿದ ಫೋಟೋ ಬಂದಾಗಲೂ ಅದೇ ನೋವು ನಮಗಾಗಬೇಕು.

ಕಾಫಿ ಬೆಳೆಯುವ ನಿಮಗೆ ಬಿಳಿ ಕಾಂಡಕೊರಕದ ಬಗ್ಗೆ ಹೇಳಬೇಕಿಲ್ಲ. ರೋಗ ಹಿಡಿದ ಅರೇಬಿಕಾ ಗಿಡವನ್ನು ಹುಡುಕಿ, ಕಿತ್ತು, ಸುಡದಿದ್ದರೆ ದುಂಬಿ ಹೊರಬಂದು ಪಕ್ಕದ ತೋಟಕ್ಕೆ ಹಾರುತ್ತದೆ. ಅದು ಹಾರುವ ಒಂದು ಕಾಲ ಏಪ್ರಿಲ್-ಮೇ. ನಮ್ಮಲ್ಲಿ ದೊಡ್ಡ ಚುನಾವಣೆಗಳು ಬರುವುದೂ ಅದೇ ತಿಂಗಳುಗಳಲ್ಲಿ. ನನ್ನ ತೋಟ, ನನ್ನ ಇಷ್ಟ ಎಂದು ರೋಗದ ಗಿಡವನ್ನು ಉಳಿಸಿಕೊಂಡವನನ್ನು ಊರು ಒಪ್ಪುವುದಿಲ್ಲ. ನನ್ನ ಫೋನ್, ನನ್ನ ಇಷ್ಟ ಎಂಬ ಮಾತೂ ಅಂಥದ್ದೇ.

ಪ್ರವಾದಿ(ಸ)ರು ಕಂಡ ಕನಸೊಂದರ ವಿವರ ಸಹೀಹ್ ಬುಖಾರಿಯಲ್ಲಿದೆ. ಒಬ್ಬನ ಕೆನ್ನೆಯನ್ನು ಕಬ್ಬಿಣದ ಕೊಕ್ಕೆಯಿಂದ ಸೀಳಲಾಗುತ್ತಿತ್ತು, ಅದು ಕೂಡಿದೊಡನೆ ಮತ್ತೆ ಸೀಳಲಾಗುತ್ತಿತ್ತು. ಅವನು ಆಡಿದ ಒಂದು ಸುಳ್ಳು ದಿಗಂತಗಳವರೆಗೆ ತಲುಪುತ್ತಿತ್ತು ಎಂದು ಕಾರಣ ತಿಳಿಸಲಾಯಿತು. ಹಿಂದಿನವರು ಈ ಹದೀಸ್ ಓದಿದಾಗ, ಒಬ್ಬ ಮನುಷ್ಯನ ಮಾತು ದಿಗಂತ ಮುಟ್ಟುವುದು ಹೇಗೆ ಎಂದು ಅಚ್ಚರಿಪಟ್ಟಿರಬಹುದು. ನಮ್ಮ ಮಕ್ಕಳಿಗೂ ಇಂದು ಅದು ಗೊತ್ತು. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನು ಸುಳ್ಳನೆನಿಸಲು ಸಾಕು ಎಂಬ ಅರ್ಥದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಸುಳ್ಳನ್ನು ಹುಟ್ಟಿಸಬೇಕೆಂದೇನೂ ಇಲ್ಲ, ಬಂದದ್ದನ್ನು ದಾಟಿಸಿದರೂ ಆಯಿತು.

ಎರಡನೇ ಖುತ್ಬಾ

ಸಹೋದರರೇ, ಒಂದು ಫಾರ್ವರ್ಡ್‌ನಿಂದ ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಲೆಕ್ಕ. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ, ಕಳಸವೂ ಸೇರಿರುವ ಮೂಡಿಗೆರೆ ಕ್ಷೇತ್ರದಲ್ಲಿ ಗೆಲುವಿನ ಅಂತರ 722 ಮತ. ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ 1024 ಮಂದಿ ಇರಬಹುದು. ಇಡೀ ಕ್ಷೇತ್ರದ ಐದು ವರ್ಷಗಳ ಭವಿಷ್ಯ ಒಂದು ಗುಂಪಿನ ಸದಸ್ಯರ ಸಂಖ್ಯೆಗಿಂತ ಕಡಿಮೆ ಅಂತರದಲ್ಲಿ ತೀರ್ಮಾನವಾಯಿತು. ಇನ್ನು ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯೇ ಇರುವುದಿಲ್ಲ. ಅಲ್ಲಿ ಬಿಟ್ಟ ಬಾಣ ನೇರವಾಗಿ ನೆರೆಯವನಿಗೇ ತಾಗುತ್ತದೆ. ಫಲಿತಾಂಶ ಬಂದ ಮರುದಿನ ಅದೇ ನೆರೆಯವನ ತೋಟಕ್ಕೆ ಕೂಲಿಗೆ ಹೋಗಬೇಕು, ಅದೇ ಬಸ್ಸಿನಲ್ಲಿ ಕೂರಬೇಕು, ಮಯ್ಯತ್ ಆದಾಗ ಅವನೇ ಬಂದು ನಿಲ್ಲಬೇಕು.

ಚುನಾವಣೆ ಬಂದಾಗ ಕೊಟ್ಟಿಗೆಹಾರದ ಚೆಕ್‌ಪೋಸ್ಟ್‌ನಲ್ಲಿ ವಾಹನ ನಿಲ್ಲಿಸಿ ಹಣ, ಹೆಂಡ ಇದೆಯೇ ಎಂದು ನೋಡುತ್ತಾರೆ. ವಾಟ್ಸ್ಆ್ಯಪ್ ಸಂದೇಶವನ್ನು ದಾರಿಯಲ್ಲಿ ಯಾರೂ ತೆರೆದು ನೋಡಲಾರರು. ಕಳಿಸಿದವನಿಗೂ ಪಡೆದವನಿಗೂ ಮಾತ್ರ ಕಾಣುವಂತೆ ಅದಕ್ಕೆ ಬೀಗ ಹಾಕಲಾಗಿರುತ್ತದೆ. ಆದ್ದರಿಂದ ಅದಕ್ಕಿರುವ ಚೆಕ್‌ಪೋಸ್ಟ್ ನಾವೇ. ಅಲ್ಲಿ ನಾವು ಮಾಡಬೇಕಾದದ್ದು ಇಷ್ಟು:

1. ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದದ್ದು. ಇಂಥದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸುವಂತೆ 2020ರ ಏಪ್ರಿಲ್‌ನಲ್ಲಿ ಕಂಪನಿಯೇ ಮಿತಿ ಹಾಕಿದೆ. ನಾವು ಅದನ್ನು ಅಲ್ಲಿಗೇ ನಿಲ್ಲಿಸೋಣ.

2. ಯಾರು ಹೇಳಿದ್ದು, ಯಾವಾಗ, ಎಲ್ಲಿ? ಈ ಮೂರಕ್ಕೆ ಉತ್ತರವಿಲ್ಲದ ವಿಡಿಯೋ ಅಥವಾ ಧ್ವನಿಯನ್ನು ನಂಬಬೇಡಿ. ಈಗ ಯಂತ್ರವೇ ಮನುಷ್ಯನ ಮುಖ ಮತ್ತು ಧ್ವನಿಯನ್ನು ಅನುಕರಿಸುತ್ತದೆ. ಅಂಥ ನಕಲಿ ವಿಡಿಯೋ ಗಮನಕ್ಕೆ ಬಂದ 3 ಗಂಟೆಯೊಳಗೆ ತೆಗೆಯಬೇಕೆಂದು 2024ರ ಮೇ 6ರಂದು ಚುನಾವಣಾ ಆಯೋಗ ಪಕ್ಷಗಳಿಗೆ ಸೂಚಿಸಿದೆ. ಆದರೆ ಸುಳ್ಳು ಹರಡಲು ಮೂರು ನಿಮಿಷ ಸಾಕು.

3. ಗುಂಪಿನ ಅಡ್ಮಿನ್ ಆಗಿರುವವರು ನೆನಪಿಡಿ. ನೀವೆಲ್ಲರೂ ಮೇಲ್ವಿಚಾರಕರು, ಪ್ರತಿಯೊಬ್ಬನೂ ತನ್ನ ಅಧೀನದವರ ಬಗ್ಗೆ ಪ್ರಶ್ನಿಸಲ್ಪಡುವನು ಎಂಬ ಆಶಯದ ಹದೀಸ್ ನಿಮಗೂ ಅನ್ವಯಿಸುತ್ತದೆ. ಮಸೀದಿಯ, ಮದ್ರಸಾದ, ಸ್ವಸಹಾಯ ಸಂಘದ ಗುಂಪುಗಳಲ್ಲಿ ಪಕ್ಷದ ಪ್ರಚಾರಕ್ಕೆ ಅವಕಾಶ ಕೊಡಬೇಡಿ.

4. ದ್ವೇಷದ ಪೋಸ್ಟ್ ಕಂಡರೆ ಬೈದು ಹಂಚಬೇಡಿ. ಬೈಯ್ಯುತ್ತ ಹಂಚಿದರೂ ಅದು ಹರಡಿದಂತೆಯೇ. ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಹಣ ಹಂಚಿಕೆ, ಬೆದರಿಕೆಯಂಥವನ್ನು ಕಣ್ಣಾರೆ ಕಂಡರೆ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೋ ಸಹಿತ ದೂರು ಕೊಡಿ. 100 ನಿಮಿಷಗಳಲ್ಲಿ ಕ್ರಮ ಎಂಬುದು ಅದರ ಗುರಿ. ಚುನಾವಣೆಯ ಸಂಬಂಧದಲ್ಲಿ ಧರ್ಮ, ಜಾತಿಗಳ ಹೆಸರಲ್ಲಿ ವೈರ ಬಿತ್ತುವುದು ಪ್ರಜಾಪ್ರತಿನಿಧಿ ಕಾಯ್ದೆಯ 125ನೇ ಕಲಮಿನಡಿ 3 ವರ್ಷದವರೆಗೆ ಶಿಕ್ಷಾರ್ಹ ಅಪರಾಧ. ಈ ಕಾನೂನು ನಮ್ಮನ್ನು ರಕ್ಷಿಸುತ್ತದೆ, ನಮ್ಮನ್ನೂ ಬಂಧಿಸುತ್ತದೆ.

5. ಫೋನನ್ನು ಒಳ್ಳೆಯದಕ್ಕೆ ಬಳಸಿ. ಮನೆಯವರೆಲ್ಲರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ಇಂದೇ ನೋಡಿ. ಫೋನ್ ಇಲ್ಲದ ಲೈನ್ ಮನೆಯವರಿಗೂ, ವೃದ್ಧರಿಗೂ ನೋಡಿಕೊಡಿ, ಅವರು ಯಾವ ಧರ್ಮದವರೇ ಆಗಿರಲಿ. ಮಾಹಿತಿಗೆ 1950 ಸಂಖ್ಯೆಗೆ ಕರೆ ಮಾಡಬಹುದು. ಮತ ಕೇಳಲು ಬಂದ ಅಭ್ಯರ್ಥಿಗೆ ರಸ್ತೆ, ಆನೆ ಹಾವಳಿ, ನಿವೇಶನ, ಹಾಸ್ಟೆಲ್ ಕುರಿತ ಪ್ರಶ್ನೆಗಳನ್ನು ಬರೆದು ಕಳಿಸಿ. ಉತ್ತರ ಬಂದರೆ ಅದನ್ನು ಒಂದಕ್ಷರ ಬದಲಿಸದೆ ಹಂಚಿಕೊಳ್ಳಿ.

ಸಹೋದರರೇ, ಫಾರ್ವರ್ಡ್ ಎಂದರೆ ಒಂದು ಸಾಕ್ಷ್ಯ. ಇದು ಸತ್ಯ, ನಾನು ಬಲ್ಲೆ ಎಂದು ನಮ್ಮ ಹೆಸರಿನಲ್ಲಿ ಇನ್ನೊಬ್ಬರ ಕೈಗೆ ಕೊಡುತ್ತೇವೆ. ಸಂದೇಶವನ್ನು ಆಮೇಲೆ ಅಳಿಸಬಹುದು. ಕಿರಾಮನ್ ಕಾತಿಬೀನ್ ಬರೆದದ್ದನ್ನು ತೌಬಾ ಮಾಡದೆ ಅಳಿಸಲಾಗದು. ಸುಳ್ಳಿನಿಂದ ಮಾನ ಕಳೆದುಕೊಂಡವನ ಹಕ್ಕು ನಮ್ಮ ಮೇಲಿದ್ದರೆ, ಅವನ ಬಳಿಗೇ ಹೋಗಿ ಕ್ಷಮೆ ಕೇಳಬೇಕು. ಮಾತು ಯಾವ ಗುಂಪಿನಲ್ಲಿ ಹರಡಿತೋ ಅದೇ ಗುಂಪಿನಲ್ಲಿ ಸತ್ಯವನ್ನೂ ಹೇಳಬೇಕು.

ಓ ಅಲ್ಲಾಹ್, ನಮ್ಮ ನಾಲಿಗೆಯನ್ನೂ ಬೆರಳುಗಳನ್ನೂ ಸುಳ್ಳಿನಿಂದ ಕಾಪಾಡು. ನಾವು ಇಷ್ಟಪಡದವರ ವಿಷಯದಲ್ಲೂ ನ್ಯಾಯ ನುಡಿಯುವ ಶಕ್ತಿ ಕೊಡು. ನಮ್ಮ ಈ ಗುಡ್ಡಗಾಡಿನಲ್ಲಿ ನೆರೆಹೊರೆಯ ಪ್ರೀತಿಯನ್ನು ಉಳಿಸು. ಸತ್ಯವಂತರೂ ಕರುಣೆಯುಳ್ಳವರೂ ಆದ ನಾಯಕರನ್ನು ನಮ್ಮ ನಾಡಿಗೆ ದಯಪಾಲಿಸು. ಆಮೀನ್.