ಬಿಡಾರ ಹೂಡುವ ಮುನ್ನ

(ಸೈಕಲ್ ಪಯಣದ ಮುನ್ನಾದಿನ ಕದರಮಂಡಲಗಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಲ್ಲಿನ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂರು ಆಂಜನೇಯ ಕ್ಷೇತ್ರಗಳನ್ನು ಒಂದೇ ದಿನದಲ್ಲಿ ಸಂದರ್ಶಿಸುವುದು ಪುಣ್ಯಕರವೆಂಬ ನಂಬಿಕೆ ಜನರಲ್ಲಿದೆ. ಸೈಕಲ್ಲಿನಲ್ಲಿ ಹೊರಟಿರುವ ನಾವು ಅಷ್ಟು ಅವಸರಪಡಬೇಕಿಲ್ಲ. ದಾರಿಯಲ್ಲಿ ಎರಡು ರಾತ್ರಿ ಬಯಲಿನಲ್ಲಿ ತಂಗಲಿದ್ದೇವೆ. ಎಲ್ಲಿ ತಂಗುವುದೆಂದು ಇಂದೇ ಏಕೆ ಯೋಚಿಸಬೇಕು, ಕತ್ತಲಾದಾಗ ನೋಡಿದರಾಯಿತು ಎಂದು ಕೆಲವರು ಹೇಳಿದ್ದೀರಿ.

ಹಲವು ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ನಾವು ನಾಲ್ವರು ಹಾಗೆಯೇ ಮಾಡಿದೆವು. ಅದು ಮೆಣಸಿನಕಾಯಿ ಕೊಯ್ಲಿನ ಕಾಲ. ಹಣ್ಣುಮೆಣಸಿನಕಾಯಿಯನ್ನು ಕಣದಲ್ಲಿ ಹರವಿ ಒಣಗಿಸುವ ದಿನಗಳಲ್ಲಿ ರೈತನು ರಾತ್ರಿ ಅದರ ಪಕ್ಕದಲ್ಲೇ ಮಲಗುತ್ತಾನೆ. ಅವನ ವರ್ಷದ ದುಡಿಮೆಯೆಲ್ಲ ಅಲ್ಲಿ ಹಾಸಿರುತ್ತದೆ. ನಮ್ಮ ಬ್ಯಾಟರಿಯ ಬೆಳಕು ಕಂಡೊಡನೆ ನಾಯಿಗಳು ಬೊಗಳಿದವು, ಜನ ಕೋಲು ಹಿಡಿದು ಬಂದರು. ಅವರದು ತಪ್ಪೆನ್ನಲಾರೆ. ಕತ್ತಲಲ್ಲಿ ಕಣದತ್ತ ಬರುವ ಅಪರಿಚಿತನನ್ನು ಕಳ್ಳನೆಂದಲ್ಲದೆ ಬೇರೇನೆಂದು ತಿಳಿಯಬೇಕು? ಹಿಂದೆ ಸರಿದು ಕೆರೆಯಂಗಳದ ಜಾಲಿ ಗಿಡಗಳ ನಡುವೆ ಮಲಗಿದೆವು. ಬೆಳಗಾದಾಗ ಎಂಟು ಗಾಲಿಗಳಲ್ಲಿ ಐದು ಪಂಕ್ಚರ್ ಆಗಿದ್ದವು!

ಈ ವಿದ್ಯೆಯಲ್ಲಿ ಕುರಿಗಾಹಿಗಳೇ ನಮಗೆ ಗುರುಗಳು. ಕೊಯ್ಲಾದ ಹೊಲದಲ್ಲಿ ಕುರಿಗಳನ್ನು ರಾತ್ರಿ ನಿಲ್ಲಿಸಿದರೆ ನೆಲಕ್ಕೆ ಒಳ್ಳೆಯ ಗೊಬ್ಬರ ದೊರೆಯುವುದರಿಂದ ರೈತರೇ ಅವರನ್ನು ಕರೆಯುವುದುಂಟು. ಆದರೂ ಅವರು ಮಂದೆಯನ್ನು ಸುಮ್ಮನೆ ಹೊಡೆದುಕೊಂಡು ಬರುವುದಿಲ್ಲ. ಹೊಲದೊಡೆಯನೊಡನೆ ಮೊದಲೇ ಮಾತು ಮುಗಿಸಿ, ನೀರು ಎಲ್ಲಿದೆ, ಪಕ್ಕದ ಹೊಲದಲ್ಲಿ ಬೆಳೆ ಇನ್ನೂ ನಿಂತಿದೆಯೇ ಎಂದು ವಿಚಾರಿಸಿಕೊಳ್ಳುತ್ತಾರೆ. ನಾವಾದರೋ ಗೊಬ್ಬರ ಕೊಡುವವರೂ ಅಲ್ಲ! ಆದುದರಿಂದ ಪ್ರತಿದಿನ ಇಬ್ಬರು ಮುಂದಾಗಿ ಹೋಗಿ ಸಂಜೆ ನಾಲ್ಕರೊಳಗೆ ಒಪ್ಪಿಗೆ ಪಡೆಯಬೇಕು. ಗೋಮಾಳವಾದರೂ ಊರ ಹಿರಿಯರಿಗೆ ತಿಳಿಸಬೇಕು. ಅದು ಕೈಗೂಡದಿದ್ದರೆ ಗುಡಿಯ ಪೌಳಿಯನ್ನೋ ಶಾಲೆಯ ಜಗಲಿಯನ್ನೋ ಕೇಳಿಟ್ಟುಕೊಂಡಿರಬೇಕು.

ಹೊರಡುವ ಮುನ್ನ ಒಂದು ರಾತ್ರಿಯನ್ನು ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಕಳೆಯೋಣವೆಂಬ ಸಲಹೆಯೂ ಬಂದಿದೆ. ನಾನು ಒಪ್ಪಲಾರೆ. 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರ್ ವಿಸ್ತಾರದ ಆ ಕುರುಚಲು ಕಾಡು, ಮಲೆನಾಡಿನ ದಟ್ಟಡವಿಯನ್ನು ಕಂಡ ನಮ್ಮ ಕಣ್ಣಿಗೆ ನೀಲಗಿರಿ ತೋಪು, ಬೀಳುನೆಲ ಎಂದಷ್ಟೇ ತೋರಬಹುದು. ಆದರೆ ಕೃಷ್ಣಮೃಗದ ಎಳೆಯ ಮರಿ ಅಪಾಯ ಕಂಡರೆ ಓಡುವುದಿಲ್ಲ. ಹುಲ್ಲಿನಲ್ಲಿ ಅಲುಗಾಡದೆ ಅಡಗಿರುತ್ತದೆ. ನಾವು ಗುಡಾರ ಹೂಡಲು ಆರಿಸುವ ಮೆತ್ತನೆಯ ಹುಲ್ಲಿನಲ್ಲೇ ಅದು ಇರಬಹುದು. ತೋಳಗಳೂ ಅಲ್ಲಿ ಬಾಳುತ್ತಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಅಭಯಾರಣ್ಯ ಪ್ರವೇಶಿಸುವುದೂ ಅಲ್ಲಿ ಬೆಂಕಿ ಹಚ್ಚುವುದೂ ಅಪರಾಧ. ಹಗಲು ಅನುಮತಿ ಪಡೆದು ನೋಡಿ ಬರೋಣ, ಮಲಗುವುದು ಬೇಡ.

ಹೊಲದಲ್ಲಿಯೂ ಬೆಂಕಿ ಬೇಡ, ಒಣಹುಲ್ಲಿನ ಕಾಲವಿದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡರೆ ಒಲೆಯ ಅಗತ್ಯವೇ ಬೀಳದು. ರಾತ್ರಿಗೆಂದು ಒಬ್ಬೊಬ್ಬರೂ ಎರಡು ಲೀಟರ್ ನೀರು ಉಳಿಸಿಕೊಳ್ಳಬೇಕು.

ಇನ್ನು, ನಾಳೆ ಮುಂದಾಗಿ ಹೋಗುವ ಇಬ್ಬರು ಯಾರೆಂದು ಈಗಲೇ ಗೊತ್ತಾಗಲಿ. ದಯವಿಟ್ಟು ಕೈ ಎತ್ತಿರಿ.